ಸೈಕಲ್ ಹೆಲ್ಮೆಟ್ ಕೂರಿಸುವುದು ಹೇಗೆ: ಗದ್ದದ ಪಟ್ಟಿಯಿಂದ ಶುರು ಮಾಡಬೇಡಿ

ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿನ ಸ್ಟೇಡಿಯಂ ಹತ್ತಿರ ನಾವೊಂದಿಷ್ಟು ಜನ ಸೈಕಲ್ ಹಿಡಿದು ಸೇರುತ್ತೇವೆ. ದೊಡ್ಡವರು ಕೈಮರದ ಕಡೆ ಹತ್ತುತ್ತಾರೆ. ಮಕ್ಕಳು ಹಿರೇಮಗಳೂರಿನವರೆಗೆ ಹೋಗಿ ವಾಪಸ್ ಬರುತ್ತಾರೆ. ಹೊರಡುವ ಮುಂಚೆ ಎಲ್ಲರ ಹೆಲ್ಮೆಟ್ ಮುಟ್ಟಿ ನೋಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ.

ನೋಡಿದಾಗಲೆಲ್ಲ ಅದೇ ತಪ್ಪು. ಹೆಲ್ಮೆಟ್ ಇದೆ, ದುಡ್ಡು ಕೊಟ್ಟು ತಂದಿದ್ದಾರೆ, ತಲೆ ಮೇಲೂ ಇದೆ. ಆದರೆ ಹಣೆ ಪೂರ್ತಿ ಬಯಲು. ಬೆರಳಿನಿಂದ ಮುಂಭಾಗ ಸ್ವಲ್ಪ ಮೇಲಕ್ಕೆ ತಳ್ಳಿದರೆ ಸಾಕು, ಹೆಲ್ಮೆಟ್ ಕತ್ತಿನ ಹಿಂದಕ್ಕೆ ಜಾರುತ್ತದೆ. ಸರಿ ಮಾಡಿ ಕಳಿಸಿದರೆ ಮುಂದಿನ ವಾರ ಮತ್ತೆ ಹಾಗೇ ಬರುತ್ತಾರೆ. ಯಾಕೆ ಅಂತ ಗಮನಿಸಿದಾಗ ಗೊತ್ತಾಗಿದ್ದು ಇಷ್ಟು: ಎಲ್ಲರೂ ಹೆಲ್ಮೆಟ್ ಇಟ್ಟುಕೊಂಡ ತಕ್ಷಣ ಬಕಲ್ ಹಾಕಿ ಗದ್ದದ ಪಟ್ಟಿ ಎಳೆಯುತ್ತಾರೆ. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಮೊದಲೇ ಮಾಡಿದರೆ ಕತ್ತು ಬಿಗಿಯುತ್ತದೆ, ಹೆಲ್ಮೆಟ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಬಿಗಿದಾಗ ಉಸಿರು ಕಟ್ಟಿದ ಹಾಗಾಗಿ ಮಕ್ಕಳು ದಾರಿಯಲ್ಲೇ ಪಟ್ಟಿ ಸಡಿಲ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು.

ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಮೊದಲ ಸಲಕ್ಕೆ ಅರ್ಧ ಗಂಟೆ ಹಿಡಿಯಬಹುದು. ಆಮೇಲೆ ದಿನಾ ಹತ್ತು ಸೆಕೆಂಡ್.

ಬೇಕಾಗುವ ಸಾಮಾನು

ಟೈಲರ್ ಟೇಪು. ಅದಿಲ್ಲದಿದ್ದರೆ ಒಂದು ದಾರ ಮತ್ತು ಮಕ್ಕಳ ಸ್ಕೇಲು. ಒಂದು ಕನ್ನಡಿ. ಗುರುತು ಹಾಕಲು ಪೆನ್ನು. ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ನಿಮ್ಮ ಕಿವಿಯ ಕೆಳಗೆ ಏನಾಗುತ್ತಿದೆ ಅಂತ ನಿಮಗಿಂತ ಅವರಿಗೆ ಚೆನ್ನಾಗಿ ಕಾಣುತ್ತದೆ.

ಹಂತ 1: ತಲೆ ಅಳೆಯಿರಿ

ಟೇಪನ್ನು ಹುಬ್ಬಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲೆ ಹಿಡಿಯಿರಿ. ಅಲ್ಲಿಂದ ಕಿವಿಗಳ ಮೇಲ್ಗಡೆಯಾಗಿ ಹೋಗಿ, ತಲೆಯ ಹಿಂದೆ ಜಾಸ್ತಿ ಉಬ್ಬಿರುವ ಜಾಗ ಸುತ್ತಿ ಬರಬೇಕು. ಟೇಪು ಓರೆಯಾಗಬಾರದು, ಬಿಗಿಯಲೂಬಾರದು. ಎರಡು ಸಲ ಅಳೆದು ದೊಡ್ಡ ಲೆಕ್ಕ ಇಟ್ಟುಕೊಳ್ಳಿ. ದಾರ ಬಳಸಿದರೆ ಗುರುತು ಹಾಕಿ ಸ್ಕೇಲಿನ ಮೇಲೆ ಚಾಚಿ ನೋಡಿ.

ಹೆಲ್ಮೆಟ್ಟಿನ ಒಳಗೆ ಒಂದು ಚೀಟಿ ಅಂಟಿಸಿರುತ್ತಾರೆ. 54–58 ಅಥವಾ 58–62 ಅಂತ ಸೆಂಟಿಮೀಟರಿನಲ್ಲಿ ಬರೆದಿರುತ್ತದೆ. ನೀವು ನೋಡಬೇಕಾದ್ದು ಆ ಅಂಕಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್‌ಗೆ ಹತ್ತಿರ ಇರಬಹುದು, ಅಕ್ಷರ ನಂಬಬೇಡಿ. ಅಳತೆ ಎರಡು ಸೈಜಿನ ನಡುವೆ ಬಂದರೆ ಎರಡನ್ನೂ ಹಾಕಿ ನೋಡಿ. ಸಾಮಾನ್ಯವಾಗಿ ನೋವಿಲ್ಲದೆ ಕೂರುವ ಚಿಕ್ಕದೇ ಸರಿಯಾಗಿರುತ್ತದೆ.

ಇಲ್ಲಿ ತಂದೆ ತಾಯಂದಿರು ಮಾಡುವ ತಪ್ಪು ಒಂದೇ. "ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದೇ ಕೊಡಿ." ಯೂನಿಫಾರಂ ಪ್ಯಾಂಟಿನ ತುದಿ ಒಳಗೆ ಮಡಚಿ ಹೊಲಿಸಿ ವರ್ಷ ವರ್ಷ ಬಿಚ್ಚುತ್ತಾ ಹೋಗಬಹುದು. ಶೂ ದೊಡ್ಡದಾದರೆ ಹತ್ತಿ ತುರುಕಬಹುದು. ಹೆಲ್ಮೆಟ್ಟಿಗೆ ಈ ಉಪಾಯ ನಡೆಯುವುದಿಲ್ಲ. ಸಡಿಲ ಹೆಲ್ಮೆಟ್ ಬೀಳುವಾಗ ಜಾರುತ್ತದೆ, ಜಾರಿದ ಮೇಲೆ ನೆಲಕ್ಕೆ ತಾಗುವುದು ಬರೀ ತಲೆ. ಇವತ್ತಿನ ತಲೆಗೆ ಸರಿ ಇರುವುದನ್ನೇ ತನ್ನಿ. ಹಿಂದೆ ತಿರುಗಿಸಿ ಬಿಗಿ ಸಡಿಲ ಮಾಡುವ ಡಯಲ್ ಇರುವ ಹೆಲ್ಮೆಟ್ಟಾದರೆ ಮೂರ್ನಾಲ್ಕು ಸೆಂಟಿಮೀಟರ್ ಬೆಳವಣಿಗೆಗೆ ಅದೇ ಜಾಗ ಕೊಡುತ್ತದೆ.

ಹಂತ 2: ಕೊಳ್ಳುವಾಗ ಏನು ನೋಡಬೇಕು

ಹೆಲ್ಮೆಟ್ ಕೆಲಸ ಮಾಡುವುದು ಹೊರಗಿನ ಹೊಳೆಯುವ ಚಿಪ್ಪಿನಿಂದಲ್ಲ. ಒಳಗೆ ಬೆರಳುದಪ್ಪದ ಇಪಿಎಸ್ ನೊರೆ ಇರುತ್ತದೆ. ಮಂಗಳೂರಿನಿಂದ ಮೀನು ಬರುವ ಥರ್ಮಕೋಲ್ ಡಬ್ಬಿಯೂ ಇದೇ ಜಾತಿಯದು, ಇದು ಇನ್ನಷ್ಟು ಗಟ್ಟಿ. ತಲೆ ನೆಲಕ್ಕೆ ಬಡಿದಾಗ ಈ ನೊರೆ ಜಜ್ಜಿಹೋಗುತ್ತದೆ. ಜಜ್ಜಿಹೋಗುವುದೇ ಅದರ ಕೆಲಸ. ಅಷ್ಟು ಹೊತ್ತಿನಲ್ಲಿ ತಲೆ ಒಮ್ಮೆಲೇ ನಿಲ್ಲುವ ಬದಲು ಸ್ವಲ್ಪ ದೂರ ಚಲಿಸಿ ನಿಲ್ಲುತ್ತದೆ, ಮಿದುಳಿಗೆ ತಗಲುವ ಹೊಡೆತ ಕಡಿಮೆಯಾಗುತ್ತದೆ. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ.

ಚೀಟಿಯ ಮೇಲೆ ಇಎನ್ 1078 ಅಥವಾ ಸಿಪಿಎಸ್‌ಸಿ ಅಂತ ಇದೆಯಾ ನೋಡಿ. ಮೊದಲನೆಯದು ಯುರೋಪಿನ ಮಾನದಂಡ, ಎರಡನೆಯದು ಅಮೆರಿಕದ್ದು. ಇಎನ್ 1078ರಲ್ಲಿ ಹೆಲ್ಮೆಟ್ ಹಾಕಿದ ಬೊಂಬೆ ತಲೆಯನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಮತಟ್ಟಾದ ಉಕ್ಕಿನ ಮೇಲೆ ಬೀಳಿಸುತ್ತಾರೆ. ಒಳಗಿನ ತಲೆಗೆ ತಗಲುವ ಹೊಡೆತ ಗುರುತ್ವಾಕರ್ಷಣೆಯ 250 ಪಟ್ಟು ದಾಟಬಾರದು. ಸಿಪಿಎಸ್‌ಸಿಯಲ್ಲಿ ಎತ್ತರ ಎರಡು ಮೀಟರ್, ಮಿತಿ 300 ಪಟ್ಟು. ಎರಡರಲ್ಲಿ ಯಾವುದಿದ್ದರೂ ನಮಗೆ ಸಾಕು. ಯಾವುದೂ ಇಲ್ಲದಿದ್ದರೆ ಅದು ಆಟದ ಸಾಮಾನು, ವಾಪಸ್ ಇಡಿ.

ಇದನ್ನು ಹೇಳಿದಾಗ ಒಬ್ಬರು ಕೇಳಿದರು, "ಒಂದೂವರೆ ಮೀಟರ್ ಅಂದ್ರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ ಅಷ್ಟೇ ಅಲ್ವಾ? ನಾವು ಮುಳ್ಳಯ್ಯನಗಿರಿಯಿಂದ ಇಳಿಯುವಾಗ ನಲವತ್ತು ದಾಟುತ್ತೆ." ಲೆಕ್ಕ ಸರಿ ಇದೆ. ಆದರೆ ಸೈಕಲ್ಲಿನಿಂದ ಬಿದ್ದಾಗ ತಲೆ ನೆಲಕ್ಕೆ ಬಡಿಯುವುದು ತಲೆ ಇದ್ದ ಎತ್ತರದಿಂದ. ಮುಂದಕ್ಕೆ ಹೋಗುತ್ತಿದ್ದ ವೇಗದ ಬಹುಪಾಲು ರಸ್ತೆ ಮೇಲೆ ಉಜ್ಜಿಕೊಂಡು ಕಳೆಯುತ್ತದೆ. ಹಾಗಾಗಿ ಸುಮ್ನೆ ಜಾರಿ ಬಿದ್ದರೆ ಹೆಲ್ಮೆಟ್ಟಿಗೆ ತನ್ನ ಕೆಲಸ ಮಾಡಲು ಅವಕಾಶ ಇರುತ್ತದೆ. ಅದೇ ನಲವತ್ತರ ವೇಗದಲ್ಲಿ ನೇರವಾಗಿ ಬಂಡೆಗೋ ಎದುರಿನ ಜೀಪಿಗೋ ತಲೆ ಹೊಡೆದರೆ ಆ ಲೆಕ್ಕಕ್ಕೆ ಹೆಲ್ಮೆಟ್ ಮಾಡಿಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿಯುವ ಜವಾಬ್ದಾರಿ ನಿಮ್ಮದೇ.

ಐಎಸ್‌ಐ ಗುರುತಿನ ಮೋಟಾರ್ ಬೈಕ್ ಹೆಲ್ಮೆಟ್ ಹಾಕಬಹುದಾ ಅಂತಲೂ ಕೇಳುತ್ತಾರೆ. ಅದು ಬೇರೆ ವೇಗಕ್ಕೆ ಮಾಡಿದ್ದು. ಭಾರ ಜಾಸ್ತಿ, ಗಾಳಿ ಆಡುವುದಿಲ್ಲ, ಏರು ಹತ್ತುವಾಗ ಹತ್ತು ನಿಮಿಷಕ್ಕೆ ತಲೆ ಬೆಂದುಹೋಗುತ್ತದೆ. ಮಕ್ಕಳ ಕತ್ತಿಗಂತೂ ಬೇಡ. ಹಾಗೇ ಸೈಕಲ್ ಹೆಲ್ಮೆಟ್ ಹಾಕಿಕೊಂಡು ಬೈಕ್ ಓಡಿಸುವುದೂ ಬೇಡ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೇಳುವುದು ಬೈಕಿನ ಹೆಲ್ಮೆಟ್ ಬಗ್ಗೆ, ಸೈಕಲ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಪೊಲೀಸರು ಹಿಡಿಯುವುದಿಲ್ಲ ಅನ್ನುವುದಕ್ಕೇ ಎಷ್ಟೋ ಅಂಗಡಿಯಲ್ಲಿ ಸೈಕಲ್ ಹೆಲ್ಮೆಟ್ ಅಂದರೆ ಬಣ್ಣ ತೋರಿಸುತ್ತಾರೆ, ಚೀಟಿ ತೋರಿಸುವುದಿಲ್ಲ.

ಮಿಪ್ಸ್ ಅಂತ ಬರೆದ ಹೆಲ್ಮೆಟ್ಟಿನ ಒಳಗೆ ಸ್ವಲ್ಪ ಸರಿದಾಡುವ ಒಂದು ತೆಳು ಪದರ ಇರುತ್ತದೆ. ಓರೆಯಾಗಿ ಬಿದ್ದಾಗ ತಲೆ ತಿರುಚುವುದನ್ನು ಕಡಿಮೆ ಮಾಡಲು ಅದು. ದುಡ್ಡಿದ್ದರೆ ಕೊಳ್ಳಿ. ಇಲ್ಲದಿದ್ದರೆ ಚಿಂತೆ ಬೇಡ, ಅಳತೆ ತಪ್ಪಿದ ಮಿಪ್ಸ್‌ಗಿಂತ ಸರಿಯಾಗಿ ಕೂತ ಸಾದಾ ಹೆಲ್ಮೆಟ್ಟಿಗೇ ನನ್ನ ಓಟು. ಬಣ್ಣದ ವಿಷಯದಲ್ಲಿ ಮಾತ್ರ ಹಟ ಮಾಡುತ್ತೇನೆ. ಗಿರಿಯ ಮಂಜಿನಲ್ಲಿ ಕಪ್ಪು, ಬೂದು ಹೆಲ್ಮೆಟ್ ಎದುರಿನವರಿಗೆ ಕಾಣುವುದೇ ಇಲ್ಲ. ಬಿಳಿ, ಹಳದಿ, ಕಿತ್ತಳೆ ತೆಗೆದುಕೊಳ್ಳಿ.

ಯಾರೋ ಬಳಸಿದ ಹೆಲ್ಮೆಟ್ ಬೇಡ. ಅದು ಎಲ್ಲಿ ಬಿದ್ದಿತ್ತು ಅಂತ ನಿಮಗೆ ಗೊತ್ತಿರುವುದಿಲ್ಲ.

ಹಂತ 3: ತಲೆ ಮೇಲೆ ಕೂರಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಓದಿ.

ಮೊದಲು ಎಲ್ಲ ಬಿಚ್ಚಿ. ಹಿಂದಿನ ಡಯಲ್ ಪೂರ್ತಿ ಸಡಿಲ ಮಾಡಿ. ಬಕಲ್ ತೆಗೆಯಿರಿ. ಗದ್ದದ ಪಟ್ಟಿಯನ್ನೂ ಉದ್ದಕ್ಕೆ ಬಿಡಿ. ಹಳೆಯ ಹೆಲ್ಮೆಟ್ ಆದರೂ ಸರಿ, ಹೊಸದರಂತೆ ಮೊದಲಿಂದ ಶುರು ಮಾಡಿ.

ನಂತರ ಜಾಗ. ಹೆಲ್ಮೆಟ್ ನೇರವಾಗಿ, ನೀರು ತುಂಬಿದ ಬೋಗುಣಿ ಇಟ್ಟ ಹಾಗೆ ಸಮವಾಗಿ ತಲೆ ಮೇಲೆ ಇಡಿ. ಹುಬ್ಬಿನ ಮೇಲೆ ಎರಡು ಬೆರಳು ಅಡ್ಡ ಇಟ್ಟರೆ ಅದರ ಮೇಲಕ್ಕೇ ಹೆಲ್ಮೆಟ್ಟಿನ ಅಂಚು ತಾಗಬೇಕು. ಕಣ್ಣು ಮೇಲೆತ್ತಿದರೆ ಅಂಚು ನಿಮಗೆ ಕಾಣಬೇಕು. ಕಾಣಲಿಲ್ಲ ಅಂದರೆ ಹೆಲ್ಮೆಟ್ ಹಿಂದಕ್ಕೆ ಹೋಗಿದೆ. ನಮ್ಮ ಕಡೆ ಹಿಂದಕ್ಕೆ ಹಾಕಲು ಒಂದು ವಿಶೇಷ ಕಾರಣವೂ ಇದೆ. ಬೆಳಿಗ್ಗೆ ಅಮ್ಮ ಹಚ್ಚಿದ ಕುಂಕುಮ ಅಳಿಸಿಹೋಗಬಾರದು. ಕುಂಕುಮ ಹುಬ್ಬಿನ ನಡುವೆ ಇದ್ದರೆ ಏನೂ ಆಗುವುದಿಲ್ಲ, ಅಂಚು ಅದಕ್ಕಿಂತ ಮೇಲಿರುತ್ತದೆ. ವಿಭೂತಿ ಹಚ್ಚುವ ಮನೆಯವರು ಮಾತ್ರ ಸವಾರಿ ಮುಗಿದ ಮೇಲೆ ಹಚ್ಚಿಕೊಳ್ಳಬೇಕಾಗುತ್ತದೆ. ಬಿದ್ದಾಗ ಮುಂದಕ್ಕೆ ಬೀಳುವವರೇ ಬಹಳ. ಆಗ ಬಯಲಾದ ಹಣೆಯೇ ನೆಲಕ್ಕೆ ಮೊದಲು ಸಿಗುತ್ತದೆ.

ಈಗ ಡಯಲ್ ತಿರುಗಿಸಿ. ಹೆಲ್ಮೆಟ್ ಸುತ್ತಲೂ ಸಮವಾಗಿ ತಬ್ಬಿಕೊಳ್ಳುವವರೆಗೆ ಸಾಕು. ಹಿಂದಿನ ತೊಟ್ಟಿಲಿನಂಥ ಭಾಗ ತಲೆಬುರುಡೆಯ ಉಬ್ಬಿಗಿಂತ ಕೆಳಗೆ ಹಿಡಿದಿರಬೇಕು. ಬಹಳ ಹೆಲ್ಮೆಟ್ಟುಗಳಲ್ಲಿ ಅದನ್ನು ಮೇಲೆ ಕೆಳಗೆ ಸರಿಸಬಹುದು, ಅದನ್ನೂ ನೋಡಿಕೊಳ್ಳಿ. ಈಗ ಪಟ್ಟಿ ಹಾಕದೆಯೇ ಮುಂದಕ್ಕೆ ಬಗ್ಗಿ, ತಲೆ ಮೆಲ್ಲಗೆ ಅಲ್ಲಾಡಿಸಿ. ಹೆಲ್ಮೆಟ್ ಬೀಳಬಾರದು. ಬಿದ್ದರೆ ಡಯಲ್ ಸಾಲದು ಅಥವಾ ಸೈಜು ತಪ್ಪು. ಈ ಪರೀಕ್ಷೆ ಪಾಸಾಗದೆ ಪಟ್ಟಿಗೆ ಕೈ ಹಾಕಬೇಡಿ. ಪಟ್ಟಿ ಇರುವುದು ಹೆಲ್ಮೆಟ್ ಹಾರಿಹೋಗದಂತೆ ಹಿಡಿಯಲು. ಅಲ್ಲಾಡದಂತೆ ಹಿಡಿಯುವುದು ಡಯಲ್ಲು ಮತ್ತು ಒಳಗಿನ ಮೆತ್ತನೆ ಪ್ಯಾಡುಗಳ ಕೆಲಸ.

ಹಣೆಯಲ್ಲಿ ಒತ್ತುತ್ತದೆ, ಆದರೆ ಕಿವಿಯ ಮೇಲ್ಗಡೆ ಎರಡೂ ಬದಿ ಬೆರಳು ಹೋಗುವಷ್ಟು ಜಾಗ ಇದೆ ಅಂದರೆ ನಿಮ್ಮ ತಲೆ ಉದ್ದ, ಹೆಲ್ಮೆಟ್ ದುಂಡು. ಬದಿಗಳಲ್ಲಿ ಒತ್ತಿ ಹಿಂದೆ ಮುಂದೆ ಖಾಲಿ ಇದ್ದರೆ ಅದಕ್ಕೆ ತದ್ವಿರುದ್ಧ. ಸ್ವಲ್ಪ ಖಾಲಿ ಇದ್ದರೆ ಜೊತೆಗೆ ಕೊಟ್ಟ ದಪ್ಪ ಪ್ಯಾಡ್ ಹಾಕಿ ತುಂಬಬಹುದು. ಜಾಸ್ತಿ ಇದ್ದರೆ ಬೇರೆ ಮಾಡೆಲ್ ನೋಡಿ. ಒತ್ತುತ್ತದೆ ಅಂತ ಒಳಗಿನ ನೊರೆಯನ್ನು ಚಾಕುವಿನಿಂದ ಕೆತ್ತಿದ ಒಬ್ಬ ಮಹಾನುಭಾವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ.

ಆಮೇಲೆ ಕಿವಿಯ ಪಟ್ಟಿಗಳು. ಪ್ರತಿ ಬದಿಯಲ್ಲೂ ಎರಡು ಪಟ್ಟಿ ಇಳಿದು ಬರುತ್ತವೆ, ಒಂದು ಕಿವಿಯ ಮುಂದೆ, ಇನ್ನೊಂದು ಹಿಂದೆ. ಎರಡೂ ಸೇರುವ ಕಡೆ ಚಿಕ್ಕ ಪ್ಲಾಸ್ಟಿಕ್ ಕ್ಲಿಪ್ಪು ಇದೆ. ಆ ಕ್ಲಿಪ್ಪು ಕಿವಿಹಾಲೆಯ ಕೆಳಗೆ, ಕೂದಲೆಳೆಯಷ್ಟು ಮುಂದೆ ಬರಬೇಕು. ಕಿವಿ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ಆರಾಮವಾಗಿ ಕೂರಬೇಕು. ಕ್ಲಿಪ್ಪಿನ ಮೇಲೊಂದು ಹಿಡಿಕೆ ಇದ್ದರೆ ತೆರೆದು ಸರಿಸಿ, ಮತ್ತೆ ಮುಚ್ಚಿ. ಮುಚ್ಚಲು ಮರೆತರೆ ನಾಲ್ಕು ಹಂಪ್ ದಾಟುವಷ್ಟರಲ್ಲಿ ಗದ್ದದ ಹತ್ತಿರ ಬಂದಿರುತ್ತದೆ. ಎರಡು ಬದಿಯೂ ಒಂದೇ ಎತ್ತರದಲ್ಲಿವೆಯಾ ಅಂತ ಕನ್ನಡಿಯಲ್ಲಿ ನೋಡಿ. ಈ ಒಂದು ಕೆಲಸಕ್ಕೇ ಐದು ನಿಮಿಷ ಬೇಕು, ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಅಂಗಡಿಯಿಂದ ಬಂದಾಗ ಕ್ಲಿಪ್ಪುಗಳು ಎಲ್ಲಿದ್ದವೋ ಅಲ್ಲೇ ಎರಡು ವರ್ಷ ಇರುತ್ತವೆ.

ಕೊನೆಗೆ ಗದ್ದದ ಪಟ್ಟಿ. ಬಕಲ್ ಹಾಕಿದಾಗ ಟಕ್ ಅಂತ ಸದ್ದು ಬರಬೇಕು. ಬಕಲ್ ಗದ್ದದ ಕೆಳಗೆ ನಡುವಿಗೆ ಬರಲಿ, ಎಲುಬಿನ ಮೇಲೆ ಬೇಡ. ಪಟ್ಟಿ ಮತ್ತು ಗದ್ದದ ನಡುವೆ ಮಕ್ಕಳಿಗೆ ಒಂದು ಬೆರಳು, ದೊಡ್ಡವರಿಗೆ ಹೆಚ್ಚೆಂದರೆ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು. ಹಾಕುವಾಗ ಮಕ್ಕಳ ಕತ್ತಿನ ಚರ್ಮ ಬಕಲ್ಲಿಗೆ ಸಿಗದ ಹಾಗೆ ನಿಮ್ಮ ಬೆರಳು ಮಧ್ಯೆ ಇಡಿ. ಒಂದು ಸಲ ಚಿವುಟಿದರೆ ಆ ಮಗು ಇನ್ನೊಂದು ತಿಂಗಳು ಹೆಲ್ಮೆಟ್ ಹತ್ತಿರ ಬರುವುದಿಲ್ಲ. ಪಟ್ಟಿಯ ಉಳಿದ ತುದಿಯನ್ನು ರಬ್ಬರ್ ಉಂಗುರದ ಒಳಗೆ ಸಿಕ್ಕಿಸಿ, ಇಲ್ಲದಿದ್ದರೆ ಗಾಳಿಗೆ ಕೆನ್ನೆಗೆ ಹೊಡೆಯುತ್ತಿರುತ್ತದೆ.

ಹಂತ 4: ಮೂರು ಪರೀಕ್ಷೆ

ಬಾಯಿ ದೊಡ್ಡದಾಗಿ ತೆರೆಯಿರಿ, ಆಕಳಿಸಿದ ಹಾಗೆ. ಹೆಲ್ಮೆಟ್ ತಲೆಯನ್ನು ಕೆಳಕ್ಕೆ ಎಳೆದ ಅನುಭವ ಆಗಬೇಕು. ಆಗಲಿಲ್ಲ ಅಂದರೆ ಗದ್ದದ ಪಟ್ಟಿ ಇನ್ನೊಂದು ಚೂರು ಬಿಗಿ ಮಾಡಿ.

ಅಂಗೈಯಿಂದ ಮುಂಭಾಗ ಮೇಲಕ್ಕೂ ಹಿಂದಕ್ಕೂ ತಳ್ಳಿ. ಹುಬ್ಬಿನಿಂದ ಎರಡು ಬೆರಳಿಗಿಂತ ಮೇಲೆ ಹೋಗುತ್ತಿದ್ದರೆ ಕಿವಿಯ ಮುಂದಿನ ಪಟ್ಟಿ ಸಡಿಲ ಇದೆ. ಬಕಲ್ ಬಿಚ್ಚಿ, ಮುಂದಿನ ಪಟ್ಟಿ ಗಿಡ್ಡ ಮಾಡಿ, ಮತ್ತೆ ನೋಡಿ.

ಈಗ ಹಿಂದಿನಿಂದ ಮುಂದಕ್ಕೆ ತಳ್ಳಿ. ಕಣ್ಣಿನ ಮೇಲೆ ಬಂದರೆ ಹಿಂದಿನ ಪಟ್ಟಿ ಬಿಗಿ ಮಾಡಬೇಕು. ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಸರಿಯಬೇಕು. ಹೆಲ್ಮೆಟ್ ಮಾತ್ರ ತಿರುಗಿ ಚರ್ಮ ಅಲ್ಲೇ ಇದ್ದರೆ ಡಯಲ್ ಇನ್ನೂ ಒಂದೆರಡು ಕ್ಲಿಕ್ ಬೇಕು.

ಎಲ್ಲ ಸರಿಯಾದ ಮೇಲೆ ಪಟ್ಟಿಗಳ ಮೇಲೆ ಕ್ಲಿಪ್ಪು ನಿಂತ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಇದು ನಾನೇ ಕಂಡುಕೊಂಡ ಉಪಾಯ. ಪಟ್ಟಿ ಜಾರಿದ್ದರೆ ಗುರುತು ನೋಡಿದ ತಕ್ಷಣ ಗೊತ್ತಾಗುತ್ತದೆ, ಮತ್ತೆ ಅರ್ಧ ಗಂಟೆ ಕೂರುವುದು ತಪ್ಪುತ್ತದೆ.

ಹೆಲ್ಮೆಟ್ ತೆಗೆದಾಗ ಹಣೆಯ ಮೇಲೆ ತೆಳುವಾದ ಕೆಂಪು ಗೆರೆ ಇದ್ದು ಹತ್ತು ನಿಮಿಷಕ್ಕೆ ಮಾಯವಾದರೆ ಸರಿ. ಒಂದೇ ಜಾಗದಲ್ಲಿ ಗುಳಿ ಬಿದ್ದ ಹಾಗೆ ಗುರುತು, ಜೊತೆಗೆ ತಲೆನೋವು ಅಂದರೆ ಆಕಾರ ಹೊಂದುತ್ತಿಲ್ಲ.

ಹಂತ 5: ಕೂದಲು, ಟೊಪ್ಪಿ, ಎಣ್ಣೆ

ಶಾಲೆಗೆ ಹೋಗುವ ಹುಡುಗಿಯರ ಎರಡು ಜಡೆ ಮಡಚಿ ಕಟ್ಟಿದ್ದರೆ ತೊಂದರೆ ಇಲ್ಲ, ಜಡೆ ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ ಶುರುವಾಗಲಿ. ನಡುನೆತ್ತಿಯ ಜುಟ್ಟು, ತುರುಬು, ದೊಡ್ಡ ಕ್ಲಿಪ್ಪು ಬೇಡ. ಅವು ಹೆಲ್ಮೆಟ್ಟನ್ನು ಮೇಲಕ್ಕೆ ಎತ್ತುತ್ತವೆ, ಬಿದ್ದಾಗ ಕ್ಲಿಪ್ಪೇ ತಲೆಗೆ ಚುಚ್ಚುತ್ತದೆ. ಮಲ್ಲಿಗೆ ಮುಡಿದಿದ್ದರೆ ಕೆಳಗಡೆ ಇಳಿಸಿ ಮುಡಿಯಿರಿ.

ಡಿಸೆಂಬರ್ ಚಳಿಗೆ ನಮ್ಮೂರಿನಲ್ಲಿ ಮಂಕಿ ಕ್ಯಾಪ್ ಹಾಕದೆ ಮಕ್ಕಳನ್ನು ಹೊರಗೆ ಬಿಡುವವರಿಲ್ಲ. ದಪ್ಪ ಉಣ್ಣೆ ಟೊಪ್ಪಿಯ ಮೇಲೆ ಹೆಲ್ಮೆಟ್ ಹಾಕಿದರೆ ಅದು ಟೊಪ್ಪಿಯ ಜೊತೆ ಜಾರುತ್ತದೆ. ತೆಳುವಾದ ಹತ್ತಿ ಬಟ್ಟೆ ಅಥವಾ ಕಿವಿ ಮುಚ್ಚುವ ತೆಳು ಪಟ್ಟಿ ಹಾಕಿ, ಡಯಲ್ ಒಂದೆರಡು ಕ್ಲಿಕ್ ಸಡಿಲ ಮಾಡಿ. ಮುಂದೆ ಮೂತಿ ಇರುವ ಕ್ರಿಕೆಟ್ ಟೊಪ್ಪಿಯೂ ಒಳಗೆ ಬೇಡ.

ಎಣ್ಣೆ ತಲೆಗೆ ಎರಡು ಸಮಸ್ಯೆ. ಪ್ಯಾಡ್ ಜಾರುತ್ತದೆ, ವೆಲ್ಕ್ರೋ ಅಂಟುವುದಿಲ್ಲ. ಕೊಬ್ಬರಿ ಎಣ್ಣೆ ಬಿಡಿ ಅಂತ ನಾನು ಯಾರಿಗೂ ಹೇಳಲಾರೆ, ನಮ್ಮ ಮನೆಯಲ್ಲೇ ಕೇಳುವುದಿಲ್ಲ. ವಾರಕ್ಕೊಮ್ಮೆ ಪ್ಯಾಡ್ ತೊಳೆಯಿರಿ, ಅಷ್ಟೇ.

ಒಂದು ಎಚ್ಚರಿಕೆ ಮರೆಯಬೇಡಿ. ಸೈಕಲ್ ಇಳಿದ ಕೂಡಲೇ ಮಕ್ಕಳು ಹೆಲ್ಮೆಟ್ ತೆಗೆಯಬೇಕು. ಅದನ್ನು ಹಾಕಿಕೊಂಡೇ ಸೀಬೆ ಮರ ಹತ್ತುವುದು, ಪಾರ್ಕಿನ ಜಾರುಬಂಡೆ ಏರುವುದು ಅಪಾಯ. ಹೆಲ್ಮೆಟ್ ಕೊಂಬೆಗೋ ಸರಳಿಗೋ ಸಿಕ್ಕಿಕೊಂಡು ಕಾಲು ನೆಲಕ್ಕೆ ಎಟುಕದಿದ್ದರೆ ಗದ್ದದ ಪಟ್ಟಿ ಕತ್ತಿಗೆ ನೇಣಾಗುತ್ತದೆ.

ಹಂತ 6: ಮಲೆನಾಡಿನ ಮಳೆಗಾಲದಲ್ಲಿ ಕಾಪಾಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಹೆಲ್ಮೆಟ್ ಬಿಡುತ್ತದೆಯೇ? ಒದ್ದೆ ಹೆಲ್ಮೆಟ್ಟನ್ನು ಬ್ಯಾಗಿನೊಳಗೆ ಇಡಬೇಡಿ. ಪ್ಯಾಡ್ ಕಿತ್ತು, ಸೋಪಿನ ನೀರಿನಲ್ಲಿ ಹಿಂಡಿ, ಫ್ಯಾನಿನ ಕೆಳಗೆ ಒಣಗಿಸಿ. ಹೊರಚಿಪ್ಪು ಮತ್ತು ಪಟ್ಟಿಗೆ ಒದ್ದೆ ಬಟ್ಟೆ ಸಾಕು.

ಇಲ್ಲಿನವರ ದೊಡ್ಡ ತಪ್ಪು ಬೇಗ ಒಣಗಲಿ ಅಂತ ಹೆಲ್ಮೆಟ್ಟನ್ನು ಬಚ್ಚಲ ಒಲೆಯ ಹತ್ತಿರ ಇಡುವುದು. ಹಂಡೆಯ ಪಕ್ಕದಲ್ಲಿ ಬಟ್ಟೆ ಒಣಗುತ್ತದೆ ನಿಜ. ಇಪಿಎಸ್ ಮಾತ್ರ ಬಿಸಿಗೆ ಕುಗ್ಗುತ್ತದೆ, ಗುಳ್ಳೆ ಏಳುತ್ತದೆ. ಬೇಸಿಗೆಯಲ್ಲಿ ಬಾಗಿಲು ಹಾಕಿದ ಕಾರಿನ ಹಿಂದಿನ ಗಾಜಿನ ಕೆಳಗೆ ಇಡುವುದು, ಕಾಫಿ ಕಣದಲ್ಲಿ ದಿನವಿಡೀ ಬಿಸಿಲಿಗೆ ಬಿಡುವುದು ಕೂಡ ಇದೇ ಲೆಕ್ಕ.

ಥರ್ಮಕೋಲಿನ ಮೇಲೆ ಪೆಟ್ರೋಲ್ ಹಾಕಿದರೆ ಕರಗಿಹೋಗುವುದನ್ನು ನೋಡಿದ್ದೀರಲ್ಲ? ಹೆಲ್ಮೆಟ್ಟಿನ ಒಳಗೂ ಅದೇ ವಸ್ತು. ಟಾರು ಅಂಟಿದೆ ಅಂತ ಪೆಟ್ರೋಲ್, ಥಿನ್ನರ್ ಹಾಕಿ ಉಜ್ಜಬೇಡಿ. ಸ್ಪ್ರೇ ಪೇಂಟ್ ಬೇಡ. ತೋಟದ ದಾರಿಯಲ್ಲಿ ಇಂಬಳ ಹತ್ತದಿರಲಿ ಅಂತ ಕಾಲಿಗೆ ಏನೇನೋ ಹಚ್ಚುತ್ತೇವೆ, ಸೊಳ್ಳೆ ಸ್ಪ್ರೇ ಹೊಡೆದುಕೊಳ್ಳುತ್ತೇವೆ. ಹಚ್ಚಿ ಕೈ ತೊಳೆದ ಮೇಲೆ ಹೆಲ್ಮೆಟ್ ಮುಟ್ಟಿ.

ತಿಂಗಳಿಗೊಮ್ಮೆ ಪ್ಯಾಡ್ ತೆಗೆದು ಒಳಭಾಗ ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು, ಒಂದು ಕಡೆ ಮಾತ್ರ ಹೊಳೆಯುವ ಚಪ್ಪಟೆ ಜಾಗ, ಚಿಪ್ಪು ನೊರೆಯಿಂದ ಬಿಟ್ಟುಕೊಂಡಿರುವುದು, ಎಳೆ ಎದ್ದ ಪಟ್ಟಿ, ಟಕ್ ಅನ್ನದ ಬಕಲ್ ಇವು ಬದಲಿಸುವ ಸೂಚನೆ. ಅಟ್ಟದಲ್ಲಿ ಇಟ್ಟಿದ್ದರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಬೀಳದೆ ಇದ್ದರೂ ತಯಾರಕರು ಹೇಳಿದ ಅವಧಿ ಮುಗಿದಾಗ ಬದಲಿಸಿ. ದಿನಾ ಬಳಸುವವರಿಗೆ ನಾನು ಐದು ವರ್ಷ ಅನ್ನುತ್ತೇನೆ.

ಹಂತ 7: ಬಿದ್ದ ಮೇಲೆ ಮೊದಲು ಮನುಷ್ಯ

ಎಷ್ಟೇ ಸರಿಯಾಗಿ ಹಾಕಿದರೂ ಹೆಲ್ಮೆಟ್ ಹೊಡೆತ ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ. ತಲೆಬುರುಡೆ ಒಡೆಯದೆಯೂ ಒಳಗಿನ ಮಿದುಳು ಅಲುಗಾಡಬಹುದು. ಹಾಗಾಗಿ "ಹೆಲ್ಮೆಟ್ ಇತ್ತು, ಏನೂ ಆಗಿಲ್ಲ" ಅಂತ ಎದ್ದು ಹೊರಡಬೇಡಿ.

ಮೊದಲು ರಸ್ತೆ ನೋಡಿ. ತಿರುವಿನಲ್ಲಿ ಬಿದ್ದಿದ್ದರೆ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಗಾಡಿಗಳನ್ನು ತಡೆಯಲಿ. ಬಿದ್ದವರಿಗೆ ಪ್ರಜ್ಞೆ ಇಲ್ಲದಿದ್ದರೆ, ಕತ್ತು ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ ಎಬ್ಬಿಸಿ ಕೂರಿಸಬೇಡಿ. ನಮ್ಮ ಜನರ ಮೊದಲ ಕೆಲಸವೇ ಎತ್ತಿ ಕೂರಿಸಿ ಬಾಯಿಗೆ ನೀರು ಹಾಕುವುದು. ಎರಡೂ ತಪ್ಪು. ಕತ್ತು ಅಲುಗದಂತೆ ಎರಡು ಕೈಯಿಂದ ತಲೆ ಹಿಡಿದುಕೊಳ್ಳಿ. ಸೈಕಲ್ ಹೆಲ್ಮೆಟ್ ಮುಖ ಮುಚ್ಚುವುದಿಲ್ಲ, ಉಸಿರಾಟಕ್ಕೆ ಅಡ್ಡಿ ಇಲ್ಲದಿದ್ದರೆ ತೆಗೆಯುವ ಅವಸರ ಬೇಡ. ಉಸಿರೇ ಇಲ್ಲ ಅಂದರೆ ಕತ್ತಿಗಿಂತ ಉಸಿರು ಮುಖ್ಯ.

108ಕ್ಕೆ ಫೋನ್ ಮಾಡಿ, 112 ಆದರೂ ಆಗುತ್ತದೆ. ಗಿರಿಯ ಮೇಲೆ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ಗಾಯಾಳುವಿನ ಜೊತೆ ಒಬ್ಬರು ಉಳಿದು ಇನ್ನೊಬ್ಬರು ಸಿಗ್ನಲ್ ಸಿಗುವ ಕಡೆ ಇಳಿಯಬೇಕು. "ಗಿರಿ ರಸ್ತೆಯಲ್ಲಿ" ಅಂದರೆ ಅವರಿಗೆ ಗೊತ್ತಾಗುವುದಿಲ್ಲ. ಕೈಮರ ಚೆಕ್‌ಪೋಸ್ಟಿನಿಂದ ಎಷ್ಟು ದೂರ, ಯಾವ ತಿರುವು, ಪಕ್ಕದಲ್ಲಿ ಯಾವ ಎಸ್ಟೇಟ್ ಬೋರ್ಡು ಅಂತ ಹೇಳಿ. ದಾರಿಹೋಕರು ಕೇಸಿಗೆ ಹೆದರಿ ನಿಲ್ಲುವುದಿಲ್ಲ ಅನ್ನುವುದು ಹಳೆ ಮಾತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್, ವಾಹನ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ಎದ್ದು ಓಡಾಡುತ್ತಿದ್ದರೂ ಕೆಳಗಿನ ಒಂದು ಲಕ್ಷಣ ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು:

– ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದು, ಅಥವಾ ಬಿದ್ದದ್ದೇ ನೆನಪಿಲ್ಲದಿರುವುದು
– ಮತ್ತೆ ಮತ್ತೆ ವಾಂತಿ
– ಹೊತ್ತು ಹೋದಂತೆ ಜೋರಾಗುವ ತಲೆನೋವು
– ಕಣ್ಣಿನ ಪಾಪೆ ಒಂದು ದೊಡ್ಡದು, ಒಂದು ಚಿಕ್ಕದು
– ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ
– ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟುವುದು
– ಮಾತು ತೊದಲುವುದು, ನಡಿಗೆ ತೂರಾಡುವುದು, ಕೇಳಿದ್ದನ್ನೇ ಕೇಳುವುದು
– ಫಿಟ್ಸ್, ಎಬ್ಬಿಸಿದರೂ ಏಳದ ನಿದ್ದೆ
– ಚಿಕ್ಕ ಮಕ್ಕಳಲ್ಲಿ ಸಮಾಧಾನವೇ ಆಗದ ಅಳು

ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಸ್ಟೆಂಟ್ ಹಾಕಿಸಿಕೊಂಡ ಹಿರಿಯರು ಯಾವ ಲಕ್ಷಣ ಇಲ್ಲದಿದ್ದರೂ ತೋರಿಸಿಕೊಳ್ಳಬೇಕು. ಅವರಿಗೆ ಒಳಗಿನ ರಕ್ತಸ್ರಾವದ ಅಪಾಯ ಜಾಸ್ತಿ.

ಬುಗುಟೆದ್ದ ಜಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬೇಡಿ. ನೋವಿನ ಮಾತ್ರೆ ಡಾಕ್ಟರನ್ನು ಕೇಳದೆ ಬೇಡ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಲಕ್ಷಣಗಳು ಕೆಲವು ಗಂಟೆ ತಡವಾಗಿಯೂ ಬರುತ್ತವೆ. ಆ ರಾತ್ರಿ ಒಬ್ಬರನ್ನೇ ಮಲಗಲು ಬಿಡಬೇಡಿ, ಜೊತೆಗೆ ಯಾರಾದರೂ ಇರಲಿ. ಅವತ್ತು ಮತ್ತೆ ಸೈಕಲ್ ಹತ್ತುವುದಂತೂ ಇಲ್ಲವೇ ಇಲ್ಲ. ತಲೆಸುತ್ತು, ಮಂಕು, ಬೆಳಕು ಕಂಡರೆ ಕಿರಿಕಿರಿ ಪೂರ್ತಿ ಹೋಗಿ ಡಾಕ್ಟರ್ ಹೂಂ ಅನ್ನುವವರೆಗೆ ಆಟ, ಸವಾರಿ ಎರಡೂ ಬೇಡ. ಮೊದಲ ಪೆಟ್ಟು ಮಾಸುವ ಮುಂಚೆ ಎರಡನೆಯದು ಬಿದ್ದರೆ ಹಾನಿ ಬಹಳ ದೊಡ್ಡದಾಗಬಹುದು.

ಹಂತ 8: ಆಮೇಲೆ ಹೆಲ್ಮೆಟ್

ಒಂದು ಆಗಸ್ಟ್‌ನಲ್ಲಿ ಇಳಿಜಾರಿನ ತಿರುವಿನಲ್ಲಿ ಕೊಳೆತ ಸಿಲ್ವರ್ ಓಕ್ ಮರದ ಎಲೆಗಳ ಮೇಲೆ ಮುಂದಿನ ಚಕ್ರ ಜಾರಿ ನಾನು ಬಲಕ್ಕೆ ಬಿದ್ದೆ. ವೇಗ ಏನೂ ಇರಲಿಲ್ಲ. ಮೊಣಕೈ ತರಚಿತು, ತಲೆ ಒಂದು ಸಲ ಟಾರಿಗೆ ಬಡಿಯಿತು. ಹೆಲ್ಮೆಟ್ ಹೊರಗೆ ನೋಡಿದರೆ ಉಗುರಿನಷ್ಟು ಗೀರು. ನಗರದ ಒಂದು ಅಂಗಡಿಗೆ ಒಯ್ದು ತೋರಿಸಿದೆ. "ಏನಾಗಿಲ್ಲ ಸಾರ್, ಇನ್ನೂ ನಾಲ್ಕು ವರ್ಷ ಓಡುತ್ತೆ" ಅಂದರು. ನಾನೂ ನಂಬಿ ಒಂದು ತಿಂಗಳು ಅದನ್ನೇ ಹಾಕಿದೆ. ಬೂಷ್ಟು ತೊಳೆಯಲು ಪ್ಯಾಡ್ ಕಿತ್ತಾಗ ಕಂಡಿತು. ಬಲಗಡೆ ಒಳಗಿನಿಂದ ಅಂಚಿನವರೆಗೆ ನೊರೆ ಸೀಳಿತ್ತು.

ಜಜ್ಜಿದ ನೊರೆ ಮತ್ತೆ ಉಬ್ಬುವುದಿಲ್ಲ. ಒಂದು ಪೆಟ್ಟಿಗೆ ಒಂದು ಹೆಲ್ಮೆಟ್. ತಲೆ ಇದ್ದಾಗ ನೆಲಕ್ಕೆ ಬಡಿದಿದ್ದರೆ ಹೊರಗೆ ಏನೂ ಕಾಣದಿದ್ದರೂ ಬದಲಿಸಿ. ಫೆವಿಕ್ವಿಕ್, ಎಂ-ಸೀಲ್ ಹಾಕಿ ಅಂಟಿಸುವುದು ಬೇಡ. ಖಾಲಿ ಹೆಲ್ಮೆಟ್ ಮೇಜಿನಿಂದ ಬಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಒಳಗೆ ಒಮ್ಮೆ ನೋಡಿದರೆ ಸಾಕು. ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಹೆಲ್ಮೆಟ್ಟನ್ನೂ ಒಯ್ಯಿರಿ. ಎಲ್ಲಿ ಜಜ್ಜಿದೆ ಅಂತ ನೋಡಿದರೆ ಪೆಟ್ಟು ಯಾವ ಕಡೆ ಬಿತ್ತು ಅಂತ ಡಾಕ್ಟರಿಗೆ ತಿಳಿಯುತ್ತದೆ.

ಕೆಲಸ ಮುಗಿದ ಮೇಲೆ ಅದನ್ನು ಹಾಗೇ ಕಸಕ್ಕೆ ಹಾಕಬೇಡಿ, ಕೆಲಸದವರ ಮಗನಿಗೆ ಕೊಡಲೂ ಬೇಡಿ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಯಾರಾದರೂ ತೆಗೆದುಕೊಂಡು ಹಾಕಿಕೊಳ್ಳುತ್ತಾರೆ. ನಾನು ಕತ್ತರಿಯಿಂದ ನಾಲ್ಕೂ ಪಟ್ಟಿ ಕತ್ತರಿಸಿ, ಚಿಪ್ಪಿನ ಮೇಲೆ ಮಾರ್ಕರಿನಲ್ಲಿ "ಬಿದ್ದದ್ದು" ಅಂತ ದೊಡ್ಡದಾಗಿ ಬರೆದು, ಆಮೇಲೆ ಕಸದ ಗಾಡಿಗೆ ಹಾಕಿದೆ.